ಎಷ್ಟು ಗಂಟೆಗೆ ಶುರು?

ಶುಕ್ರವಾರ ಸಂಜೆ ನಾನು ರಂಗಶಂಕರದ ಬಾಗಿಲು ಮುಟ್ಟಿದಾಗ ಗಂಟೆ ಏಳು ಮೂವತ್ತನಾಲ್ಕು. ಕೈಯಲ್ಲಿ ಟಿಕೆಟ್ ಇತ್ತು. ಬೆನ್ನೆಲ್ಲ ಬೆವರು. ಬಾಗಿಲಲ್ಲಿದ್ದ ಹುಡುಗ ಮಾತೇ ಆಡಲಿಲ್ಲ, ನನ್ನ ಮುಖ ನೋಡಿ ಕೈ ಮುಗಿದ. ನಾನೂ ಕೈ ಮುಗಿದೆ. ಅಲ್ಲಿಗೆ ನಾಟಕ ಮುಗಿಯಿತು.

ತಪ್ಪು ನನ್ನದೇ. ಅಲ್ಲಿ ಏಳೂವರೆ ಅಂದರೆ ಏಳೂವರೆ ಅಂತ ಊರಿಗೆಲ್ಲ ಗೊತ್ತು. ಜೆ.ಪಿ. ನಗರದ ಆ ರಂಗಮಂದಿರ 2004ರಲ್ಲಿ ಶುರುವಾಯಿತು. ನಾಟಕಗಳಿಗೆ ಅದು ಎಷ್ಟು ಹೆಸರಾಯಿತೋ, ತಡವಾಗಿ ಬಂದವರನ್ನು ಒಳಗೆ ಬಿಡದೇ ಇರುವುದಕ್ಕೂ ಅಷ್ಟೇ ಹೆಸರಾಯಿತು. ನಾನೇ ಎಷ್ಟೋ ಸಲ ಒಳಗೆ ಕೂತು, ಮೂರನೇ ಬೆಲ್ ಆದ ಮೇಲೆ ಬಾಗಿಲು ಹಾಕಿಕೊಂಡಾಗ, ಹೊರಗೆ ಉಳಿದವರ ಬಗ್ಗೆ ಸ್ವಲ್ಪವೂ ಕನಿಕರ ಇಲ್ಲದೆ ಖುಷಿಪಟ್ಟಿದ್ದೇನೆ. ಈಗ ನಾನು ಹೊರಗಿನವಳಾದೆ, ಅಷ್ಟೆ. ಆಟೋದವನು ಒಳದಾರಿ ಹಿಡಿಯುತ್ತೇನೆ ಅಂದಾಗಲೇ ನನಗೆ ಗೊತ್ತಾಗಬೇಕಿತ್ತು.

ಹಾಗಂತ ತಕ್ಷಣ ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಕೆಫೆಯಲ್ಲಿ ಸಾಬೂದಾನಾ ವಡೆ ತೆಗೆದುಕೊಂಡು ಕೂತೆ. ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ತಡವಾದವರು. ಊಟದ ಡಬ್ಬಿಯ ಚೀಲ ತೊಡೆಯ ಮೇಲಿತ್ತು, ಆಫೀಸಿನಿಂದ ನೇರ ಬಂದವರಿರಬೇಕು. ಒಂದೇ ಬಸ್ಸು ತಪ್ಪಿಸಿಕೊಂಡವರ ನಡುವೆ ಒಂದು ಸ್ನೇಹ ಹುಟ್ಟುತ್ತದಲ್ಲ, ಅಂಥದ್ದೇ ನಮ್ಮದೂ. ಟ್ರಾಫಿಕ್ಕಿಗೆ ಬೈದೆವು. ಏಪ್ರಿಲ್ ಸೆಖೆಗೆ ಬೈದೆವು. ಬೈಗುಳ ಮುಗಿದ ಮೇಲೆ ಅವರು ಕೇಳಿದರು: "ನಾಳೆ ಕರಗ ಅಲ್ವಾ? ಎಷ್ಟು ಗಂಟೆಗೆ ಶುರು ಅಂತ ಗೊತ್ತಾ?"

ನನಗೆ ನಗು ಬಂತು. ಅವರಿಗೂ ಬಂತು.

ಆ ವಾರದ ಕೊನೆಗೆ ಅಂತ ಫೋನಿನಲ್ಲಿ ಒಂದು ಪಟ್ಟಿ ಬರೆದುಕೊಂಡಿದ್ದೆ. ಶುಕ್ರವಾರ ನಾಟಕ, ಏಳೂವರೆ. ಶನಿವಾರ ಚಾಮರಾಜಪೇಟೆಯಲ್ಲಿ ರಾಮನವಮಿಯ ಸಂಗೀತ ಕಚೇರಿ, ಸಂಜೆ. ಭಾನುವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೇಸಿಗೆ ಶಿಬಿರದ ಮಕ್ಕಳ ನಾಟಕ, ಐದು ಗಂಟೆ. 2025ರಲ್ಲಿ ಚೈತ್ರ ಹುಣ್ಣಿಮೆ ಏಪ್ರಿಲ್ 12ರ ಶನಿವಾರವೇ ಬಿದ್ದಿತ್ತು, ಹಾಗಾಗಿ ಆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು ಪೇಟೆ ಸುತ್ತುವ ಕರಗವೂ ಪಟ್ಟಿಯಲ್ಲಿತ್ತು. ಅದರ ಮುಂದೆ ಮಾತ್ರ ಟೈಮ್ ಖಾಲಿ. ಏನು ಬರೆಯುವುದು? ಮಧ್ಯರಾತ್ರಿಯ ಮೇಲೆ, ಅಷ್ಟೆ. ಹನ್ನೆರಡೂವರೆ ಆದರೂ ಆಯಿತು, ಮೂರಾದರೂ ಆಯಿತು.

ಒಂದೇ ಊರು, ಒಂದೇ ವಾರ, ಅದೇ ಜನ. ಒಂದು ಕಡೆ ನಾಲ್ಕು ನಿಮಿಷ ತಡವಾದರೆ ಬಾಗಿಲು ಹಾಕುತ್ತಾರೆ, ನಾವು ಒಪ್ಪುತ್ತೇವೆ. ಇನ್ನೊಂದು ಕಡೆ ನಾಲ್ಕು ಗಂಟೆ ಬೀದಿಯಲ್ಲಿ ನಿಲ್ಲಿಸುತ್ತಾರೆ, ಅದನ್ನೂ ಒಪ್ಪುತ್ತೇವೆ. ಯಾಕೆ ಹೀಗೆ? ವಡೆ ಆರಿತ್ತು. ತಲೆಗೆ ಹುಳ ಹೊಕ್ಕಿತ್ತು.

ಅಪ್ಪನ ಕಚೇರಿ

ನಾನು ಬೆಳೆದದ್ದು ಚಾಮರಾಜಪೇಟೆಯಲ್ಲಿ. ಯುಗಾದಿ ಕಳೆಯಿತು ಅಂದರೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಪೆಂಡಾಲ್ ಏಳುತ್ತಿತ್ತು. ರಾಮಸೇವಾ ಮಂಡಳಿಯ ಸಂಗೀತೋತ್ಸವ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಶುರು ಮಾಡಿದ್ದು, ನಿಂತಿಲ್ಲ. ನಮ್ಮ ಮನೆಯಲ್ಲಿ ಅಮ್ಮನಿಗೆ ಅದು ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಜಾಗ. ನನಗೆ ಕೋಸಂಬರಿ, ಪಾನಕದ ಸೀಸನ್. ಅಪ್ಪನಿಗೆ ಮೃದಂಗ.

ಅಪ್ಪನ ಮೃದಂಗದ ಕಥೆ ಹೇಳಬೇಕು. ಅವರು ಅವೆನ್ಯೂ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್. ಅಚ್ಚಿನ ಮೊಳೆ ಜೋಡಿಸುವ ಕೆಲಸ. ಚೈತ್ರ, ವೈಶಾಖ ಅಂದರೆ ಮದುವೆ ಕಾಗದಗಳ ಕಾಲ. ಬೇರೆ ತಿಂಗಳು ಆರಕ್ಕೆ ಬಿಡುವವರು ಆಗ ಎಂಟರವರೆಗೆ ಕೂರಿಸಿಕೊಳ್ಳುತ್ತಿದ್ದರು. ಅಪ್ಪ ಸೈಕಲ್ ತುಳಿದುಕೊಂಡು ಮಾರ್ಕೆಟ್ ದಾಟಿ ಮನೆಗೆ ಬಂದು, ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು, ಮೈದಾನದ ಬೇಲಿಗೆ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಮೃದಂಗ, ಘಟದವರಷ್ಟೇ ನುಡಿಸುವ ಭಾಗ, ಶುರುವಾಗಿರುತ್ತಿತ್ತು.

ಕಚೇರಿಗೆ ಹೋಗುವವರಿಗೆ ಗೊತ್ತು, ತನಿ ಅಂದರೆ ಒಳಗಿನ ಜನ ಏಳುವ ಹೊತ್ತು. ಎರಡು ಗಂಟೆ ಗಾಯನ ಕೇಳಿ ಕಾಲು ಜೋಮು ಹಿಡಿದವರು ಕಾಫಿಗೆ ಹೋಗುತ್ತಾರೆ. ಕೆಲವರು ಬಸ್ಸಿಗೇ ಹೋಗುತ್ತಾರೆ. ಮೃದಂಗದವರು, ಘಟದವರು ಇಷ್ಟು ಹೊತ್ತು ಕಾದಿದ್ದಕ್ಕೆ ಅವರಿಗೆ ಸಿಗುವುದು ಖಾಲಿ ಕುರ್ಚಿಗಳು. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ, ಇರಲಿ. ಆದರೆ ಅಪ್ಪನಿಗೆ ಕಚೇರಿ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಜನ ಹೊರಗೆ ಬರುವಾಗ ಅವರು ಬೇಲಿಗೆ ಇನ್ನಷ್ಟು ಒತ್ತಿ ನಿಲ್ಲುತ್ತಿದ್ದರು. ಸೈಕಲ್ ಹ್ಯಾಂಡಲ್ ಮೇಲೆ ಬೆರಳು ತಾಳ ಹಾಕುತ್ತಿತ್ತು. ಮಸಿ ಹತ್ತಿದ ಬೆರಳು.

ಹೀಗೆ ವರ್ಷಗಟ್ಟಲೆ ನಡೆದು ಅಪ್ಪನಿಗೆ ಒಂದು ವಿಚಿತ್ರ ಪಾಂಡಿತ್ಯ ಬಂದಿತ್ತು. ಹಾಡುವವರ ಹೆಸರು ಅಷ್ಟಾಗಿ ಗೊತ್ತಿಲ್ಲ, ಪಕ್ಕವಾದ್ಯದವರ ಹೆಸರೆಲ್ಲ ಗೊತ್ತು. ಉಮಯಾಳ್ಪುರಂ ಶಿವರಾಮನ್ ಅಂದರೆ ಪ್ರಾಣ. ನಮ್ಮ ಊರಿನ ಘಟಂ ವಿದ್ವಾನ್ ಕೆ. ವೆಂಕಟರಾಮ್ ಅವರ ಹೆಸರನ್ನು ನಮ್ಮ ಮಾವನ ಹೆಸರಿನ ಹಾಗೆ ಹೇಳುತ್ತಿದ್ದರು. ತನಿ ಆದ ಮೇಲೆ ಬರುವ ದೇವರನಾಮಗಳೂ ಅವರಿಗೆ ಬಾಯಿಪಾಠ. ವರ್ಣ ಮಾತ್ರ ಗೊತ್ತಿಲ್ಲ. ಕಚೇರಿ ವರ್ಣದಿಂದ ಶುರುವಾಗುತ್ತದೆ ಅಂತ ನನಗೂ ಗೊತ್ತಾಗಿದ್ದು ಇಪ್ಪತ್ತು ದಾಟಿದ ಮೇಲೆ, ಮೊದಲ ಸಲ ಟಿಕೆಟ್ ತೆಗೆದುಕೊಂಡು ಒಳಗೆ ಕೂತಾಗ. ಮನೆಗೆ ಬಂದು ಹೇಳಿದೆ. "ಓಹೋ, ಅದಕ್ಕೆ ಮೊದಲೂ ಏನೋ ಇರುತ್ತಾ?" ಅಂದರು. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ಇವತ್ತಿಗೂ ಖಾತ್ರಿಯಿಲ್ಲ.

ಕರಗದ ಆ ಶನಿವಾರ ನಾನು ಒಳಗೇ ಕೂತಿದ್ದೆ. ಒಳ್ಳೆಯ ಕುರ್ಚಿ, ಪಕ್ಕದಲ್ಲೇ ಫ್ಯಾನು. ವರ್ಣದಿಂದ ಕೇಳಿದೆ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹಿಂದಿನ ದಿನ ಬಾಗಿಲಲ್ಲಿ ನಿಂತದ್ದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅಪ್ಪನಂಥವರಿಗೆ ಏಳೂವರೆಯ ನಾಟಕ ಯಾವತ್ತೂ ಸಿಗುತ್ತಿರಲಿಲ್ಲ. ಪ್ರೆಸ್ಸು ಬಿಡುವುದೇ ಎಂಟಕ್ಕೆ. ಅವರಿಗೆ ಕಚೇರಿ ಸಿಕ್ಕಿದ್ದು ಅದಕ್ಕೆ ಬಾಗಿಲು ಇರಲಿಲ್ಲ ಅನ್ನುವ ಕಾರಣಕ್ಕೆ. ಬಟ್ಟೆಯ ಪೆಂಡಾಲು, ಕಂಬಕ್ಕೆ ಕಟ್ಟಿದ ಸ್ಪೀಕರು, ಆ ಕಡೆ ಬೇಲಿ. ಸದ್ದು ಯಾರನ್ನೂ ಟೈಮ್ ಕೇಳುವುದಿಲ್ಲ.

ಅಯ್ಯೋ ಪಾಪ ಅಪ್ಪ, ಕಟ್ಟುನಿಟ್ಟಿನ ರಂಗಮಂದಿರ ಅಂತ ಹೇಳಿ ಇದನ್ನು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅದು ಅರ್ಧ ಸತ್ಯ. ಟೈಮಿಗೆ ಶುರುವಾಗುವುದು ಟೈಮಿಗೆ ಮುಗಿಯುತ್ತದೆ. ಒಂಬತ್ತೂವರೆಗೆ ನಾಟಕ ಬಿಟ್ಟರೆ ನಾನು ಮೆಟ್ರೋ ಹಿಡಿದು ಒಬ್ಬಳೇ ಮನೆಗೆ ಹೋಗಬಲ್ಲೆ. ಹತ್ತೂ ಮುಕ್ಕಾಲಿಗೆ ಬಿಟ್ಟರೆ ಕಾರು ಇದ್ದವರಷ್ಟೇ ನಾಟಕ ನೋಡಬೇಕಾಗುತ್ತದೆ. ಬಾಗಿಲು ಹಾಕಿಕೊಂಡಿದ್ದು ನನ್ನ ಮುಖಕ್ಕೇ ಆದರೂ, ಉಳಿದ ದಿನಗಳಲ್ಲಿ ಅದು ನನ್ನ ಪರವಾಗಿಯೇ ಇತ್ತು. ಇನ್ನೊಂದು ಮಾತು. ಏಳು ಇಪ್ಪತ್ತೈದಕ್ಕೆ ಬಣ್ಣ ಹಚ್ಚಿಕೊಂಡು ವಿಂಗ್‌ನಲ್ಲಿ ನಿಂತ ನಟರೂ ಕಾಯುತ್ತಿರುತ್ತಾರಲ್ಲ. ನನಗಿಂತ ಜಾಸ್ತಿ ಎದೆ ಹೊಡೆದುಕೊಳ್ಳುತ್ತಿರುತ್ತದೆ ಅವರಿಗೆ.

ತನಿ ಬಂತು. ಜನ ಎದ್ದರು. ನಾನೂ ಎದ್ದೆ, ಕಾಫಿಗಲ್ಲ. ಹೊರಗೆ ಹೋಗಿ ರಸ್ತೆಯ ಕಡೆ ನಿಂತೆ. ಆಲೂರು ವೆಂಕಟರಾವ್ ರಸ್ತೆಯಲ್ಲಿ ಬಸ್ಸುಗಳ ಹಾರನ್ನು, ಅದರ ನಡುವೆ ಮೃದಂಗ. ಒಬ್ಬ ಡೆಲಿವರಿ ಹುಡುಗ ಬೈಕ್ ನಿಲ್ಲಿಸಿಕೊಂಡು ನೀರು ಕುಡಿಯುತ್ತಿದ್ದ. ಕೇಳುತ್ತಿದ್ದನೋ ಸುಮ್ನೆ ನಿಂತಿದ್ದನೋ ಗೊತ್ತಾಗಲಿಲ್ಲ. ಫೋನ್ ಕುಯ್ಯೆಂದಿತು, ಹೊರಟುಹೋದ. ತನಿ ಇನ್ನೂ ನಡೆದಿತ್ತು.

ಹುಣ್ಣಿಮೆ ರಾತ್ರಿ

ಮಂಗಳ ಹಾಡುವ ಮುಂಚೆಯೇ ನಡೆಯತೊಡಗಿದೆ. ಟಿಪ್ಪುವಿನ ಬೇಸಿಗೆ ಅರಮನೆ, ಪಕ್ಕದಲ್ಲೇ ಕೋಟೆ ವೆಂಕಟರಮಣ, ಆಮೇಲೆ ಆಸ್ಪತ್ರೆಗಳು, ಮಾರ್ಕೆಟ್ ಫ್ಲೈಓವರಿನ ಕೆಳಗೆ ದಾಟಿದರೆ ಪೇಟೆ. ಹಗಲು ಹೊತ್ತಿನಲ್ಲಿ ಈ ದಾರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ರಾತ್ರಿಯೂ ಇರಲಿಲ್ಲ, ಆದರೆ ಯಾರಿಗೂ ಅವಸರವಿರಲಿಲ್ಲ. ಹಗಲಿಗೂ ರಾತ್ರಿಗೂ ಇದ್ದ ವ್ಯತ್ಯಾಸ ಅದೊಂದೇ. ಬೀದಿ ಬೀದಿಗೆ ದೀಪದ ತೋರಣ. ಅಂಗಡಿಗಳ ಮುಂದೆ ಡ್ರಮ್ಮುಗಳಲ್ಲಿ ಪಾನಕ, ಮಜ್ಜಿಗೆ. ದೊನ್ನೆಯಲ್ಲಿ ಬಿಸಿ ಚಿತ್ರಾನ್ನ ಕೈಗೆ ತುರುಕಿ ಕಳಿಸುತ್ತಿದ್ದರು, ಬೇಡ ಅಂದರೂ ಕೇಳಲಿಲ್ಲ.

ಕರಗದ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳುವುದೇನಿದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ, ದ್ರೌಪದಿ, ಬಿಚ್ಚುಗತ್ತಿ ಹಿಡಿದ ವೀರಕುಮಾರರು, ಕಾಟನ್‌ಪೇಟೆ ಕಡೆ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು, ಎಲ್ಲ ಗೊತ್ತಿರುವುದೇ. ಹುಣ್ಣಿಮೆಗೆ ಮುಂಚೆ ನಡೆಯುವ ಹಸಿ ಕರಗಕ್ಕೆ ಸಂಬಂಧಪಟ್ಟ ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿ, ಒಂದು ಚಿಕ್ಕ ಹೊಂಡ ಮಾತ್ರ ಉಳಿದಿರುವುದೂ ಗೊತ್ತು. ಕೆರೆ ಹೋದರೂ ಕರಗ ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ನನಗೆ ಹೇಳಬೇಕಾಗಿರುವುದು ಕಾಯುವುದರ ಬಗ್ಗೆ.

ನಗರ್ತಪೇಟೆಯಲ್ಲಿ ಮುಚ್ಚಿದ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಜಾಗ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಅಜ್ಜಿ, ಅವರ ಸೊಸೆ, ಎರಡು ಮಕ್ಕಳು. ಕಬ್ಬನ್‌ಪೇಟೆಯವರು. ಹಿಂದೆ ಮನೆಯಲ್ಲಿ ಮಗ್ಗ ಇತ್ತಂತೆ, ಈಗ ಅದೇ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾರಂತೆ. ಹತ್ತೂ ಮುಕ್ಕಾಲಿಗೆ ಕೂತವಳು ನಾನು. ಹನ್ನೆರಡರ ಹೊತ್ತಿಗೆ ಆ ಮನೆಯ ಬಾಡಿಗೆ ಎಷ್ಟು, ಸೊಸೆಗೆ ಯಾವ ಮಾತ್ರೆ ಆಗುವುದಿಲ್ಲ, ದೊಡ್ಡ ಮೊಮ್ಮಗ ಗಣಿತದಲ್ಲಿ ಎಷ್ಟು ತೆಗೆದ, ಎಲ್ಲ ಗೊತ್ತಾಗಿತ್ತು. ಅವರಿಗೆ ನನ್ನ ಅಪ್ಪನ ಕಥೆ ಗೊತ್ತಾಗಿತ್ತು. ಒಂದು ಗಂಟೆಗೆ ಮಕ್ಕಳು ಮಲಗಿದವು, ಒಂದರ ತಲೆ ನನ್ನ ತೊಡೆ ಮೇಲೆ.

ಒಂದೂವರೆಗೆ ನಾನು ತಡೆಯಲಾರದೆ ಫೋನ್ ತೆಗೆದು ಟೈಮ್ ನೋಡಿದೆ. ಅಜ್ಜಿ ಕಣ್ಣಂಚಿನಲ್ಲಿ ಗಮನಿಸಿದರು.

"ಟೈಮ್ ನೋಡ್ಬಾರ್ದಮ್ಮ," ಅಂದರು. "ನೋಡಿದ್ರೆ ಇನ್ನೂ ತಡ ಆಗುತ್ತೆ."

ಹೇಳುವಾಗ ಭಕ್ತಿ ಗಿಕ್ತಿ ಏನಿರಲಿಲ್ಲ ಅವರ ಮುಖದಲ್ಲಿ. ಹಾಲು ಕಾಯಿಸುವಾಗ ನೋಡುತ್ತಾ ನಿಂತರೆ ಉಕ್ಕುವುದಿಲ್ಲ ಅನ್ನುತ್ತಾರಲ್ಲ, ಅದೇ ಧಾಟಿ.

ಆಮೇಲೆ ಅವರೇ ಒಂದು ಮಾತು ತೆಗೆದರು. ಕರಗ ಹೊರುವವರು ಹೆಣ್ಣಿನ ವೇಷ ತೊಡುತ್ತಾರೆ. ಹೆಂಡತಿಯ ತಾಳಿ, ಬಳೆ ಅವರ ಮೈಮೇಲೆ ಬರುತ್ತದೆ. ಕರಗ ಮುಗಿಯುವವರೆಗೆ ಹೆಂಡತಿ ಅವರನ್ನು ನೋಡುವಂತಿಲ್ಲ, ಕರಗವನ್ನೂ ನೋಡುವಂತಿಲ್ಲ ಅಂತಾರೆ. "ಊರೆಲ್ಲ ನೋಡುತ್ತೆ. ಆ ತಾಯಿ ಒಬ್ಬಳು ನೋಡಲ್ಲ. ನಮ್ದೇನು ಮಹಾ ಕಾಯೋದು?"

ನಾನು ಫೋನ್ ಚೀಲಕ್ಕೆ ಹಾಕಿದೆ.

ಬಂದದ್ದು ಎರಡೂವರೆ ದಾಟಿದ ಮೇಲೆ ಇರಬೇಕು. ಮೊದಲು ಬಂದದ್ದು ವಾಸನೆ, ಮಲ್ಲಿಗೆಯದು, ಗಾಳಿಯೇ ಇಲ್ಲದ ಆ ಬೀದಿಯಲ್ಲಿ ಹೇಗೆ ಬಂತೋ. ಆಮೇಲೆ ದೂರದಲ್ಲಿ "ಗೋವಿಂದಾ" ಅನ್ನುವ ಕೂಗು. ಮಲಗಿದ್ದ ಮಕ್ಕಳು ಯಾರೂ ಎಬ್ಬಿಸದೇ ಎದ್ದರು. ಕತ್ತಿಗಳ ಮೇಲೆ ಬೀದಿ ದೀಪ ಹೊಳೆಯಿತು. ನೂಕುನುಗ್ಗಲು, ಅಜ್ಜಿ ನನ್ನ ರಟ್ಟೆ ಹಿಡಿದುಕೊಂಡರು. ಆ ಮಲ್ಲಿಗೆಯ ಗೋಪುರ, ಕೈಯಲ್ಲಿ ಹಿಡಿಯದೆ ತಲೆಯ ಮೇಲೆ ನಿಂತದ್ದು, ಕುಣಿಯುತ್ತಾ ನಮ್ಮ ಮುಂದೆಯೇ ಹಾದುಹೋಯಿತು. ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಅಷ್ಟೆ. ಜನ ಹೂವು ತೂರಿದರು. ನಾನು ತೂರಲು ಮರೆತೆ, ಮುಷ್ಟಿಯಲ್ಲೇ ಬಾಡಿಹೋಗಿತ್ತು.

ನಾಲ್ಕು ಗಂಟೆ ಕಾದು ಇಪ್ಪತ್ತು ಸೆಕೆಂಡು. ಯಾವ ಲೆಕ್ಕದಲ್ಲೂ ಇದು ನಷ್ಟದ ವ್ಯಾಪಾರ. ಆದರೂ ಮೆಟ್ಟಿಲಿಂದ ಏಳುವಾಗ ನನಗೆ ಮೋಸ ಹೋದೆ ಅನಿಸಲಿಲ್ಲ. ಶುಕ್ರವಾರದ ಬಾಗಿಲ ಮುಂದೆಯೂ ಅನಿಸಿರಲಿಲ್ಲ. ಸಾಮಾನ್ಯವಾಗಿ ಬ್ಯಾಂಕಿನ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಸಿಡಿಮಿಡಿ ಅನ್ನುವವಳು ನಾನು. ಬೆಳಗಿನ ಜಾವ ಮಾರ್ಕೆಟ್ ಹತ್ತಿರ ಇಡ್ಲಿ ತಿನ್ನುತ್ತಾ ಇದನ್ನೇ ಯೋಚಿಸಿದೆ. ಭಾನುವಾರ ಮೆಟ್ರೋ ಬಿಡುವುದು ಏಳಕ್ಕೆ, ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಗುಡಿಯೊಳಗೆ ವ್ರತದಲ್ಲಿ ಕೂತವರೂ ಕಾಯುತ್ತಿದ್ದರು. ಕತ್ತಿ ಹಿಡಿದವರೂ ಕಾಯುತ್ತಿದ್ದರು. ತಾಳಿ ಬಿಚ್ಚಿಕೊಟ್ಟವಳು ಕಾಯುತ್ತಿದ್ದಳು. ನಮ್ಮನ್ನು ಬೀದಿಯಲ್ಲಿ ಕೂರಿಸಿ ಯಾರೂ ಆ ಕಡೆ ಆರಾಮಾಗಿರಲಿಲ್ಲ.

ಮೊದಲ ರೈಲಿನಲ್ಲಿ ಅರ್ಧ ಡಬ್ಬಿ ನಿದ್ದೆ ಮಾಡುತ್ತಿತ್ತು. ಎಲ್ಲರ ಮೈಯಿಂದಲೂ ಮಲ್ಲಿಗೆ, ಬೆವರು.

ಅತಿಥಿಗಳು ದಾರಿಯಲ್ಲಿದ್ದಾರೆ

ಭಾನುವಾರದ ಕಥೆ ಬೇರೆ. ನಮ್ಮ ಪಾರ್ಕಿನಲ್ಲಿ ಐದು ಗಂಟೆಗೆ ಮಕ್ಕಳ ನಾಟಕ. ಕಾಡಿನ ಪ್ರಾಣಿಗಳು ಪಂಚಾಯ್ತಿ ಕೂರುವ ಕಥೆ, ಮಕ್ಕಳೇ ಕಟ್ಟಿದ್ದು. ಹದಿನೈದು ದಿನದಿಂದ ಸಂಜೆ ಹೊತ್ತು ಹೊಂಗೆ ಮರದ ಕೆಳಗೆ ಕಿರುಚಾಡಿ ಅಭ್ಯಾಸ ಮಾಡಿದ್ದರು. ನಾಲ್ಕೂ ಮುಕ್ಕಾಲಿಗೆಲ್ಲ ಮೊಲ, ನರಿ, ಮೂರು ಕೋತಿಗಳು, ಒಂದು ಆನೆ ಸಿದ್ಧ. ಸಿಂಹ ಎಲ್ಲರಿಗಿಂತ ಚಿಕ್ಕವನು, ಐದು ವರ್ಷ ಇರಬೇಕು. ಉಣ್ಣೆಯ ಕೇಸರ ಕಟ್ಟಿದ್ದರು, ಆ ಸೆಖೆಯಲ್ಲಿ. ಅವನಿಗೆ ಇದ್ದದ್ದು ಒಂದೇ ಕೆಲಸ, ಕೊನೆಯಲ್ಲಿ ಬಂದು ಘರ್ಜಿಸುವುದು. ಅದನ್ನು ಅವನು ನಮಗೆಲ್ಲ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಮುಂಗಡವಾಗಿಯೇ ಮಾಡಿ ತೋರಿಸಿದ್ದ.

ಐದಾಯಿತು. ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ ಅಂತ ಮೈಕಿನಲ್ಲಿ ಹೇಳಿದರು. ಐದೂವರೆ. ದಾರಿಯಲ್ಲೇ ಇದ್ದಾರೆ. ಐದೂ ಮುಕ್ಕಾಲಿಗೆ, ಇನ್ನೇನು ಬಂದೇಬಿಟ್ಟರು. ಆರು ಗಂಟೆಗೆ ಒಂದು ಕೋತಿ ಅತ್ತಿತು. ನರಿಯ ಮೀಸೆ ಬೆವರಿಗೆ ಕರಗಿ ಗದ್ದಕ್ಕೆ ಇಳಿಯಿತು. ಮಕ್ಕಳ ಮೇಷ್ಟ್ರು ಎರಡು ಸಲ ಹೋಗಿ "ಶುರು ಮಾಡೋಣವಾ ಸಾರ್" ಅಂತ ಕೇಳಿ ಬಂದರು. ಎರಡು ಸಲವೂ ಹೂಗುಚ್ಛ ಹಿಡಿದುಕೊಂಡವರು ಗೇಟಿನ ಕಡೆ ನೋಡುತ್ತಾ ತಲೆ ಅಲ್ಲಾಡಿಸಿದರು. ಹಿಂದಿನ ರಾತ್ರಿ ನಾಲ್ಕು ಗಂಟೆ ಕೂತು ಬೇಜಾರಾಗದ ನನಗೆ ಇಲ್ಲಿ ಅರ್ಧ ಗಂಟೆಗೇ ರಕ್ತ ಕುದಿಯುತ್ತಿತ್ತು. ಇಲ್ಲಿ ಕಾಯುತ್ತಿದ್ದವರು ನಾವು ಮತ್ತು ಮಕ್ಕಳು. ನಾವು ಕಾಯುತ್ತಿದ್ದ ಮನುಷ್ಯ ಕಾಯುತ್ತಿರಲಿಲ್ಲ. ಅವರು ಎಲ್ಲೋ ಕಾಫಿ ಕುಡಿಯುತ್ತಿದ್ದರು ಅಂತ ನನ್ನ ಗುಮಾನಿ. ನಮ್ಮ ಕನ್ನಡದ ಕಾರ್ಯಕ್ರಮಗಳಿಗೆ ಈ ಅತಿಥಿ ರೋಗ ಯಾವಾಗ ಅಂಟಿತೋ. ನಾಟಕ ಮುಕ್ಕಾಲು ಗಂಟೆ, ಅದಕ್ಕೆ ಮುಂಚೆ ಸ್ವಾಗತ, ದೀಪ, ಶಾಲು, ಹಾರ, ಫೋಟೋ, ನಾಲ್ಕು ಜನರ ಎರಡೆರಡು ಮಾತು. ಎರಡು ಮಾತು ಅಂದವರು ಯಾರೂ ಎರಡಕ್ಕೆ ನಿಲ್ಲಿಸುವುದಿಲ್ಲ.

ಬಂದರು, ಆರೂ ಇಪ್ಪತ್ತಕ್ಕೆ. ಮಕ್ಕಳೇ ನಾಳಿನ ಪ್ರಜೆಗಳು ಅಂದರು. ನಾಳಿನ ಪ್ರಜೆಗಳು ಸೊಳ್ಳೆ ಹೊಡೆದುಕೊಳ್ಳುತ್ತಿದ್ದರು.

ನಾಟಕ ಶುರುವಾದಾಗ ಕತ್ತಲಾಗುತ್ತಿತ್ತು. ಪಾರ್ಕಿನ ಎರಡು ದೀಪಗಳಲ್ಲಿ ಒಂದು ಹತ್ತಲಿಲ್ಲ. ಆದರೂ ಮಕ್ಕಳು ಬಿಡಲಿಲ್ಲ. ಆನೆ ತನ್ನ ಮಾತು ಮರೆತು ಮೊಲದ ಮಾತು ಹೇಳಿತು, ಮೊಲ ಬಿಡದೆ ಅದೇ ಮಾತನ್ನು ಇನ್ನೊಂದು ಸಲ ಹೇಳಿತು. ಬೇಲಿಯ ಆ ಕಡೆ ತರಕಾರಿ ಗಾಡಿಯವರು ತೂಕ ನಿಲ್ಲಿಸಿ ನೋಡಿದರು. ವಾಕಿಂಗ್ ಬಂದವರು ಮೂರನೇ ಸುತ್ತಿನಲ್ಲಿ ನಿಂತೇಬಿಟ್ಟರು. ಜಾಗಿಂಗ್ ಬಟ್ಟೆಯ ಒಬ್ಬ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದಳು. ಇವರು ಯಾರೂ ಶುರುವಿನಿಂದ ನೋಡಿದವರಲ್ಲ, ಕೊನೆಯವರೆಗೆ ಇರುತ್ತಾರೆ ಅಂತಲೂ ಇಲ್ಲ. ನಾನು ಅವರನ್ನೇ ಜಾಸ್ತಿ ನೋಡಿದೆನೇನೋ.

ಕೊನೆಯ ದೃಶ್ಯ ಬಂತು. ಪ್ರಾಣಿಗಳೆಲ್ಲ ಸಾಲಾಗಿ ನಿಂತು, ರಾಜ ಬಂದ, ರಾಜ ಬಂದ ಅಂತ ಕೂಗಿದವು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದವು. ಮೇಷ್ಟ್ರು ಟಾರ್ಚ್ ಹಿಡಿದು ಹುಡುಕಿದರು. ಎರಡನೇ ಸಾಲಿನಲ್ಲಿ ಅಮ್ಮನ ತೊಡೆಯ ಮೇಲೆ ಸಿಂಹ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು. ಎಬ್ಬಿಸಬೇಡಿ ಅಂದರು ಮೇಷ್ಟ್ರು. ಮೂರು ಕೋತಿಗಳು ಕೂಡಿಕೊಂಡು ಘರ್ಜಿಸಿ ನಾಟಕ ಮುಗಿಸಿದವು. ಚಪ್ಪಾಳೆ ಜೋರಾಗಿಯೇ ಬಿತ್ತು.

ಆ ಸದ್ದಿಗೆ ಅವನು ಕಣ್ಣುಬಿಟ್ಟ. ಕೇಸರ ಒಂದು ಕಿವಿಯ ಮೇಲೆ ಜಾರಿತ್ತು. ಜನ ಕುರ್ಚಿ ಮಡಚುತ್ತಿದ್ದರು. ಸುತ್ತ ನೋಡಿ, ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೇಳಿದ:

"ಶುರು ಆಯ್ತಾ?"